ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ನೇರ ವಿಮಾನವೇ, ನಡುವೆ ಇಳಿದು ಹೋಗುವುದೇ?

ಮಕ್ಕಳು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ಬೆಂಗಳೂರಿನ ಹಿರಿಯರು ಟಿಕೆಟ್ ಕೊಳ್ಳುವಾಗ ಪ್ರಯಾಣಕ್ಕೆ ಒಟ್ಟು ಎಷ್ಟು ಗಂಟೆ ಹಿಡಿಯುತ್ತದೆ ಎಂಬುದನ್ನೇ ಮೊದಲು ನೋಡುತ್ತಾರೆ. ಅಮ್ಮನನ್ನು ಕರೆದುಕೊಂಡು ತಮ್ಮನ ಮನೆಗೆ ನೇರ ವಿಮಾನದಲ್ಲಿಯೂ ದುಬೈ, ಸಿಂಗಪುರ, ಫ್ರಾಂಕ್‌ಫರ್ಟ್‌ಗಳ ಮೂಲಕವೂ ಹೋಗಿಬಂದ ಮೇಲೆ, ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರಬೇಕಾಗುತ್ತದೆ ಎಂಬುದನ್ನು ಅದಕ್ಕಿಂತ ಮೊದಲು ನೋಡಬೇಕೆಂದು ನನಗೆ ಮನವರಿಕೆಯಾಗಿದೆ.

ಎರಡು ನಗರಗಳ ನಡುವಿನ ಅತಿ ಹತ್ತಿರದ ವಾಯುಮಾರ್ಗ ಸುಮಾರು 14,000 ಕಿ.ಮೀ. ಏರ್ ಇಂಡಿಯಾ ಈ ನೇರ ಸಂಚಾರವನ್ನು 2021ರ ಜನವರಿಯಲ್ಲಿ ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿನಿಂದ ವಿಮಾನವನ್ನು ಬೆಂಗಳೂರಿಗೆ ತಂದಿಳಿಸಿತ್ತು. ಆ ಸುದ್ದಿ ಓದಿ ಪಟ್ಟ ಹೆಮ್ಮೆ ಇಂದಿಗೂ ಇದೆ. ಆ ನೇರ ವಿಮಾನದಲ್ಲಿ ಹದಿನಾರು-ಹದಿನೇಳು ಗಂಟೆಗಳಲ್ಲಿ ತಲುಪುತ್ತಿದ್ದೆವು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ, ಮಧ್ಯಾಹ್ನ ದೇವನಹಳ್ಳಿಯಿಂದ ಹೊರಟರೆ ಅದೇ ದಿನಾಂಕದ ಸಂಜೆ ಅಲ್ಲಿರುತ್ತಿದ್ದೆವು. ಆದರೆ ಇಳಿಯುವ ಹೊತ್ತಿಗೆ ಅಮ್ಮನ ಪಾದಗಳು ಎಷ್ಟು ಊದಿದ್ದವೆಂದರೆ, ಮನೆಯಿಂದ ಹಾಕಿಕೊಂಡು ಬಂದಿದ್ದ ಚಪ್ಪಲಿಯ ಪಟ್ಟಿಯನ್ನು ಪೂರ್ತಿ ಸಡಿಲಿಸಿದರೂ ಕಾಲು ಒಳಗೆ ಹೋಗಲಿಲ್ಲ.

ನಡುವೆ ಇಳಿದರೆ ಈ ತೊಂದರೆ ತಪ್ಪುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಎಲ್ಲಿ ಇಳಿಯುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ದುಬೈಗೆ ಇಲ್ಲಿಂದ ಸುಮಾರು 2,700 ಕಿ.ಮೀ., ಅಲ್ಲಿಂದ ಮುಂದೆ ಸುಮಾರು 13,000 ಕಿ.ಮೀ. ಸಿಂಗಪುರದ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ: ಮೊದಲು 3,200, ಆಮೇಲೆ 13,600. ಎಂದರೆ ನಾಲ್ಕು ಗಂಟೆ ಹಾರಿ, ನಿದ್ದೆಗೆಟ್ಟು ವಿಮಾನ ಬದಲಿಸಿದ ಮೇಲೂ, ನೇರ ವಿಮಾನಕ್ಕೆ ಸಮೀಪವಾದ ಹದಿನೈದು-ಹದಿನಾರು ಗಂಟೆಗಳ ಕೂರುವಿಕೆ ಹಾಗೆಯೇ ಉಳಿದಿರುತ್ತದೆ. ಮಂಡಿನೋವಿರುವವರಿಗೆ ಈ ಎರಡು ಮಾರ್ಗಗಳನ್ನು ನಾನು ಹೇಳಲಾರೆ.

ಫ್ರಾಂಕ್‌ಫರ್ಟ್ ಮಾರ್ಗ ಒಟ್ಟು 16,500 ಕಿ.ಮೀ. ಆಗುತ್ತದೆ, ನೇರ ದಾರಿಗಿಂತ 2,500ರಷ್ಟು ಹೆಚ್ಚು. ಆದರೂ ಅದು ಪ್ರಯಾಣವನ್ನು 7,400 ಮತ್ತು 9,100 ಕಿ.ಮೀ.ಗಳಾಗಿ, ಸರಿಸುಮಾರು ಹತ್ತು ಮತ್ತು ಹನ್ನೊಂದು ಗಂಟೆಗಳಾಗಿ ಒಡೆಯುತ್ತದೆ. ನಡುವಿನ ಮೂರು ಗಂಟೆಗಳಲ್ಲಿ ಅಮ್ಮ ಮುಖ ತೊಳೆದು, ಕಟ್ಟಿಕೊಂಡು ಹೋಗಿದ್ದ ಚಪಾತಿ ತಿಂದು, ನನ್ನ ಕೈಹಿಡಿದು ನಿಧಾನವಾಗಿ ಒಂದು ಸುತ್ತು ನಡೆದರು. ಆ ಸಲ ಪಾದ ಊದಲಿಲ್ಲ.

ಮರಳುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಮಟ್ಟದ ಗಾಳಿ ಹೋಗುವಾಗ ನೆರವಾಗಿ ಬರುವಾಗ ಎದುರಾಗುವುದರಿಂದ, ಸಿಂಗಪುರಕ್ಕೆ ಮರಳುವ ವಿಮಾನ ಇನ್ನೂ ಒಂದೆರಡು ಗಂಟೆ ಹೆಚ್ಚು ತೆಗೆದುಕೊಳ್ಳುತ್ತದೆ. ನಾನೊಬ್ಬಳೇ ಹೋಗುವುದಾದರೆ, ನೇರ ವಿಮಾನ ಇದ್ದರೆ ಅದನ್ನೇ ಹಿಡಿಯುತ್ತೇನೆ. ಅಮ್ಮ ಜೊತೆಗಿದ್ದರೆ ಹೋಗುವುದಕ್ಕೂ ಬರುವುದಕ್ಕೂ ಫ್ರಾಂಕ್‌ಫರ್ಟ್ ಮೂಲಕವೇ ಟಿಕೆಟ್ ತೆಗೆಯುತ್ತೇನೆ.