ಹುಬ್ಬಳ್ಳಿಯ ವಿಎಂನಿಂದ ಗದಗಿನ ವಿಎಂಗೆ: ವೈರ್‌ಗಾರ್ಡ್ ಹೇಗಿದೆ?

ಅಂಗಡಿಯ ಲೆಕ್ಕದ ಸರ್ವರ್ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಅದರ ಬ್ಯಾಕಪ್ ಗದಗಿನ ಶಾಖೆಯಲ್ಲಿ. ಎರಡೂ ಲಿನಕ್ಸ್‌ನ ಕೆವಿಎಂ ಮೇಲೆ ಓಡುವ ವಿಎಂಗಳು (ವರ್ಚುವಲ್ ಯಂತ್ರಗಳು), ಎರಡೂ ಕಡೆ ಸಾಧಾರಣ ಫೈಬರ್ ಕನೆಕ್ಷನ್. ಇಂಥ ಜೋಡಣೆಗೆ ವೈರ್‌ಗಾರ್ಡ್‌ಗಿಂತ ಹಗುರಾದ ಟನಲ್ (ಇಂಟರ್ನೆಟ್ ಮೇಲೆ ಎರಡು ಜಾಲಗಳನ್ನು ಬೆಸೆಯುವ ಗುಪ್ತ ದಾರಿ, ಅಂದರೆ ವಿಪಿಎನ್) ಹುಡುಕುವುದು ಕಷ್ಟ. 2020ರ ಲಿನಕ್ಸ್ 5.6ರಿಂದ ಅದು ಕರ್ನಲ್‌ನೊಳಗೇ ಇದೆ. ಎರಡೂ ಹೋಸ್ಟ್‌ಗಳಲ್ಲಿ (ವಿಎಂ ಓಡಿಸುವ ಯಂತ್ರಗಳಲ್ಲಿ) ಕೀ ಜೋಡಿ ತಯಾರಿಸಿ, ಪಬ್ಲಿಕ್ ಕೀ ಅದಲುಬದಲು ಮಾಡಿ, ಹತ್ತು ಸಾಲಿನ ಕಾನ್ಫಿಗ್ ಬರೆದರೆ ಟನಲ್ ಸಿದ್ಧ.

ತೊಡಕೆಲ್ಲ ಅದರ ಎರಡು ತುದಿಗಳಲ್ಲಿ. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಸಾಮಾನ್ಯವಾಗಿ ಎಲ್ಲೆಡೆ ಒಂದೇ ಸಬ್‌ನೆಟ್ (ವಿಳಾಸಗಳ ಗುಂಪು) 192.168.122.0/24 ಅನ್ನೇ ಕೊಡುತ್ತದೆ. ಎರಡೂ ಊರಲ್ಲಿ ಅದೇ ಇದ್ದರೆ ಪ್ಯಾಕೆಟ್ ಟನಲ್ ಕಡೆ ಹೊರಳುವುದೇ ಇಲ್ಲ. ಗದಗಿನದನ್ನು 192.168.130.0/24 ಮಾಡಿ. ಟನಲ್ ಮೂಲಕ ಯಾವ ವಿಳಾಸಗಳು ಓಡಾಡಬಹುದೆಂದು ಹೇಳುವ 'ಅಲೌಡ್ ಐಪಿ' ಸಾಲಿನಲ್ಲಿ, ಹುಬ್ಬಳ್ಳಿಯಲ್ಲಿ 130ರ ಸಬ್‌ನೆಟ್, ಗದಗಿನಲ್ಲಿ 122ರ ಸಬ್‌ನೆಟ್ ಇರಲಿ, ಜೊತೆಗೆ ಎದುರಿನ ಹೋಸ್ಟ್‌ನ ಟನಲ್ ಐಪಿಯೂ ಇರಲಿ. ಎರಡೂ ಹೋಸ್ಟ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ಜಾಲದ ಪ್ಯಾಕೆಟನ್ನು ಇನ್ನೊಂದಕ್ಕೆ ದಾಟಿಸುವ ಸೌಲಭ್ಯ) ಆನ್ ಇರಲಿ. ಇಷ್ಟಾದರೂ ಎದುರಿನ ಹೋಸ್ಟ್‌ಗೆ ಪಿಂಗ್ ಮುಟ್ಟುತ್ತದೆ, ವಿಎಂಗೆ ಮುಟ್ಟುವುದಿಲ್ಲ. ಕಾರಣ, ನ್ಯಾಟ್ ಮೋಡ್‌ನಲ್ಲಿ (ವಿಎಂಗಳು ಹೋಸ್ಟ್‌ನ ವಿಳಾಸದ ಹಿಂದೆ ಅಡಗಿರುವ ಮೋಡ್) ಲಿಬ್‌ವರ್ಟ್ ಹೊರಗಿನಿಂದ ಬರುವ ಹೊಸ ಕನೆಕ್ಷನ್‌ಗಳನ್ನು ತಡೆಯುತ್ತದೆ. ಫಾರ್ವರ್ಡ್ ಮೋಡ್ 'ರೂಟ್' ಎಂದು ಬದಲಿಸಿ. ಆಮೇಲೆ ವಿಎಂಗಳ ಇಂಟರ್ನೆಟ್‌ಗಾಗಿ ಹೋಸ್ಟ್‌ನ ಹೊರಗಿನ ನೆಟ್‌ವರ್ಕ್ ಕಾರ್ಡ್ ಮೇಲೆ ಮಾಸ್ಕರೇಡ್ ನಿಯಮ (ವಿಎಂಗಳ ವಿಳಾಸದ ಬದಲು ಹೋಸ್ಟ್‌ನ ವಿಳಾಸ ಹಾಕುವ ನಿಯಮ) ನೀವೇ ಹಾಕಬೇಕು. ಮರೆತರೆ ವಿಎಂಗೆ ಅಪ್‌ಡೇಟ್ ಕೂಡ ಇಳಿಯುವುದಿಲ್ಲ.

ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ಐಪಿ 100.64ರಿಂದ 100.127ರೊಳಗೆ ಕಂಡರೆ ಅದು ಸಿಜಿನ್ಯಾಟ್, ಅಂದರೆ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿದೆ, ಅಲ್ಲಿ ಪೋರ್ಟ್ ತೆರೆದು ಉಪಯೋಗವಿಲ್ಲ. ಪಬ್ಲಿಕ್ ಐಪಿ ಇರುವ ಕಡೆ ಯುಡಿಪಿ 51820 ತೆರೆದು, ಇನ್ನೊಂದು ಕಡೆ ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಸಣ್ಣ ಪ್ಯಾಕೆಟ್) 25 ಸೆಕೆಂಡಿಗೆ ಇಡಿ. ಎರಡೂ ಕಡೆ ಸಿಜಿನ್ಯಾಟ್ ಇದ್ದರೆ ನಡುವೆ ಪಬ್ಲಿಕ್ ಐಪಿಯ ಸಣ್ಣ ವಿಪಿಎಸ್ (ಬಾಡಿಗೆಯ ಸರ್ವರ್) ಇಡುವುದೇ ಸುಲಭದ ದಾರಿ.

ಒಂದೇ ಸಬ್‌ನೆಟ್ ಎರಡೂ ಊರಿಗೆ ಹರಡಬೇಕೆಂದರೆ ಇದೊಂದೇ ಸಾಲದು. ವೈರ್‌ಗಾರ್ಡ್ ಐಪಿ ಪ್ಯಾಕೆಟ್ ಮಾತ್ರ ಒಯ್ಯುತ್ತದೆ, ಬ್ರಾಡ್‌ಕಾಸ್ಟ್ ದಾಟುವುದಿಲ್ಲ. ಅದರ ಮೇಲೆ ವಿಎಕ್ಸ್‌ಲ್ಯಾನ್ (ಈಥರ್ನೆಟ್ ಫ್ರೇಮನ್ನೇ ಐಪಿ ಪ್ಯಾಕೆಟ್‌ನೊಳಗೆ ಸುತ್ತಿ ಒಯ್ಯುವ ವಿಧಾನ) ಹಾಕಿ. ಟನಲ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸಾಮಾನ್ಯವಾಗಿ 1420 ಬೈಟ್, ವಿಎಕ್ಸ್‌ಲ್ಯಾನ್ 50 ಬೈಟ್ ತಿನ್ನುತ್ತದೆ. ಹಾಗಾಗಿ ವಿಎಂಗಳಲ್ಲಿ 1370 ಇಡಿ. ಇಲ್ಲವಾದರೆ ಪಿಂಗ್ ಚೆನ್ನಾಗಿ ಓಡುತ್ತದೆ, ದೊಡ್ಡ ಫೈಲ್ ಮಾತ್ರ ನಡುದಾರಿಯಲ್ಲಿ ನಿಲ್ಲುತ್ತದೆ.

ನಿಜವಾದ ಕೊರತೆ ಅದರ ಮೌನ. ಕೀ ತಪ್ಪಿದರೂ ಪೋರ್ಟ್ ಮುಚ್ಚಿದ್ದರೂ ಎರರ್ ತೋರುವುದಿಲ್ಲ. ಸ್ಥಿತಿ ತೋರುವ wg ಆಜ್ಞೆಯಲ್ಲಿ 'ಲೇಟೆಸ್ಟ್ ಹ್ಯಾಂಡ್‌ಶೇಕ್' ಸಾಲು ಬಂತೋ ಇಲ್ಲವೋ, ಅದೇ ಮುಖ್ಯ ಸುಳಿವು. ಎಂಡ್‌ಪಾಯಿಂಟ್‌ಗೆ (ಎದುರಿನ ತುದಿಯ ವಿಳಾಸಕ್ಕೆ) ಡಿಡಿಎನ್‌ಎಸ್ ಹೆಸರು, ಅಂದರೆ ಬದಲಾಗುವ ಐಪಿಯನ್ನು ಹಿಂಬಾಲಿಸುವ ಹೆಸರು ಕೊಟ್ಟರೆ ಅದನ್ನು ಶುರುವಿನಲ್ಲಿ ಒಮ್ಮೆ ಮಾತ್ರ ನೋಡುತ್ತದೆ. ಕರೆಂಟ್ ಹೋಗಿ ಬಂದು ರೂಟರ್‌ಗೆ ಹೊಸ ಐಪಿ ಸಿಕ್ಕಿದರೆ ಟನಲ್ ಹಳೆಯ ವಿಳಾಸಕ್ಕೇ ಕೂಗುತ್ತಿರುತ್ತದೆ. ವೈರ್‌ಗಾರ್ಡ್ ಟೂಲ್ಸ್ ಜೊತೆ ಬರುವ ರೀರಿಸಾಲ್ವ್ ಸ್ಕ್ರಿಪ್ಟನ್ನು (ಹೆಸರಿನ ಐಪಿಯನ್ನು ಮತ್ತೆ ನೋಡುವ ಸ್ಕ್ರಿಪ್ಟ್) ನಿಮಿಷಕ್ಕೊಮ್ಮೆ ಓಡುವಂತೆ ಟೈಮರ್‌ಗೆ ಹಾಕಿ.