‘ಸೂಪರ್ ಡಿಸ್ಟಾರ್ಶನ್’ ಎಂದು ಕೊಂಡೆ, ಮೀಟರ್ ತೋರಿಸಿದ್ದು 7.8: ಹಳೆಯ ಪಿಕಪ್ ಕೊಳ್ಳುವವರು ದಯವಿಟ್ಟು ಓದಿ

ಕಳೆದ ತಿಂಗಳು ಒಬ್ಬ ಮಾರಾಟಗಾರನಿಂದ ಒಂದು ಹಳೆಯ ಗಿಟಾರ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೊಂಡು, 5,500 ರೂಪಾಯಿ ಕೊಟ್ಟು ಮೋಸಹೋದೆ. ಹದಿನೈದು ವರ್ಷಗಳಿಂದ ಮಂಗಳೂರಿನ ಮದುವೆ ರಿಸೆಪ್ಶನ್‌ಗಳಲ್ಲಿ ಗಿಟಾರ್ ನುಡಿಸುತ್ತ, ಹುಡುಗರಿಗೆಲ್ಲ ಹಂಬಕರ್‌ಗಳ (ಎರಡು ಕಾಯಿಲ್, ಅಂದರೆ ತಂತಿ ಸುರುಳಿ ಇರುವ ಪಿಕಪ್‌ಗಳ) ಬಗ್ಗೆ ಪಾಠ ಹೇಳುತ್ತ ಬಂದ ನನಗೇ ಹೀಗಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಆ ಮಾರಾಟಗಾರ ಈಗ ಮಣಿಪಾಲದ ಕಾಲೇಜು ಹುಡುಗರಿಗೂ ಅದೇ ಬಗೆಯ ಮಾಲು ತೋರಿಸುತ್ತಿದ್ದಾನೆಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ನನ್ನ ಗಿಟಾರಿನ ಬ್ರಿಡ್ಜಿನಲ್ಲಿ (ತಂತಿಗಳ ಕೆಳತುದಿಯ ಕಡೆ) ಇದ್ದುದು ಸೀಮರ್ ಡಂಕನ್ ಕಂಪನಿಯ ಜೆಬಿ ಪಿಕಪ್: ಆಲ್ನಿಕೊ 5 ಎಂಬ ಮಿಶ್ರಲೋಹದ ಮ್ಯಾಗ್ನೆಟ್, ಕಾಯಿಲ್‌ಗಳ ಒಟ್ಟು ರೆಸಿಸ್ಟೆನ್ಸ್ ಸುಮಾರು 16.4 ಕಿಲೋ ಓಮ್. ಒಳ್ಳೆಯದೇ, ಆದರೆ ನನ್ನ ಗಿಟಾರಿನಲ್ಲಿ ಅದು ಕಿವಿಗೆ ಚುಚ್ಚುತ್ತಿತ್ತು. 1970ರ ದಶಕದಿಂದಲೂ ಹೆಸರಾದ ಡಿಮಾರ್ಜಿಯೊ ಕಂಪನಿಯ ಸೂಪರ್ ಡಿಸ್ಟಾರ್ಶನ್ ಪಿಕಪ್ ಸಿರಾಮಿಕ್ ಮ್ಯಾಗ್ನೆಟ್‌ನದು, 13.7 ಕಿಲೋ ಓಮ್‌ನ ಆಸುಪಾಸಿನಲ್ಲಿದ್ದರೂ ದನಿ ಹೆಚ್ಚು ತುಂಬಿಕೊಂಡಿರುತ್ತದೆ. ಅದನ್ನೇ ಆತ ಮಾರುತ್ತೇನೆಂದ. ಮ್ಯಾಗ್ನೆಟ್, ತಂತಿಯ ದಪ್ಪ ಬೇರೆಯಾದಾಗ ಎರಡು ಮಾಡೆಲ್‌ಗಳ ಔಟ್‌ಪುಟ್ಟನ್ನು ಬರೀ ಓಮ್ ನೋಡಿ ಹೋಲಿಸಲಾಗದು ಎಂದು ಆತನಿಗೆ ಫೋನಿನಲ್ಲಿ ವಿವರಿಸಿದವನೂ ನಾನೇ. ನನ್ನ ಆ ಮಾತೇ ಮುಂದೆ ನನಗೆ ತಿರುಗಿ ಬಿತ್ತು.

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಆತ ಪೊಟ್ಟಣ ಕೈಗಿಟ್ಟು, ಉಡುಪಿ ಬಸ್ಸು ಹೊರಟಿತೆಂದು ಅವಸರ ಮಾಡಿದ. ನಾನು ಅಲ್ಲೇ ದುಡ್ಡು ಕಳುಹಿಸಿದೆ. ಮನೆಯಲ್ಲಿ ಕೂರಿಸಿ ನುಡಿಸಿದರೆ, ನೆಕ್‌ನಲ್ಲಿರುವ (ಗಿಟಾರಿನ ಕತ್ತಿನ ಕಡೆಯ) ಸಾಧಾರಣ ಪಿಕಪ್ಪಿಗಿಂತಲೂ ದನಿ ಸಣ್ಣದು! ಮರುದಿನ ಹಂಪನಕಟ್ಟೆಯ ಬಳಿಯ ರಿಪೇರಿಯವರು ಅದನ್ನು ಬಿಚ್ಚಿ, ಒಂದು ಕಾಯಿಲ್‌ನ ಕೆಂಪು–ಕಪ್ಪು ತಂತಿಗೆ ಮೀಟರ್ ಹಿಡಿದರು: 3.9 ಕಿಲೋ ಓಮ್. ಇನ್ನೊಂದರ ಹಸಿರು–ಬಿಳಿಗೆ ಹಿಡಿದರು: ಮತ್ತೆ 3.9. ಒಟ್ಟು 7.8, ಅಂದರೆ ಗಿಬ್ಸನ್ ಗಿಟಾರ್ ಕಂಪನಿಯ ಸೆತ್ ಲವರ್ 1955ರಲ್ಲಿ ರೂಪಿಸಿದ ಹಂಬಕರಿನಷ್ಟು. ಅವರು ಏನೂ ಹೇಳದೆ ಮೀಟರನ್ನು ನನ್ನ ಕಡೆ ತಿರುಗಿಸಿದರು. ಆಗ ನನಗೆ ಮುಖ ಎತ್ತಲಾಗಲಿಲ್ಲ.

ಆತನ ಉತ್ತರಗಳನ್ನು ಕೇಳಿ. ಮೊದಲು, “ಓಮ್ ಮುಖ್ಯವಲ್ಲವೆಂದು ನೀವೇ ಹೇಳಿದ್ದಲ್ಲವಾ ಮಾರಾಯ್ರೇ?” ಬೇರೆ ಮಾಡೆಲ್‌ಗಳ ನಡುವೆ ಮುಖ್ಯವಲ್ಲ, ಸ್ವಾಮಿ; ಒಂದೇ ಮಾಡೆಲ್ ಅರ್ಧದ ಹತ್ತಿರಕ್ಕಿಳಿದರೆ ಅದು ಆ ಮಾಡೆಲ್ಲೇ ಅಲ್ಲ. ನಂತರ, “ಮಂಗಳೂರಿನ ಸೆಕೆಗೆ ರೀಡಿಂಗ್ ಕಡಿಮೆ ಬರುತ್ತದೆ.” ತಾಮ್ರ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕೊನೆಗೆ, “ನಿಮ್ಮವರು ಸೋಲ್ಡರ್ ಮಾಡುವಾಗ ಸುಟ್ಟಿರಬೇಕು.” ಸುಟ್ಟು ಕಡಿದುಹೋದ ಕಾಯಿಲ್ ಎರಡೂ ಕಡೆ ಸರಿಸಮ 3.9 ತೋರಿಸುತ್ತದೆಯೇ? ಇದನ್ನು ಕೇಳಿದ ಮೇಲೆ ನೀಲಿ ಟಿಕ್ ಬಂತು, ಸಂಜೆಗೆ ಆತನ ಡಿಪಿಯೂ ಕಾಣದಾಯಿತು.

ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಒಯ್ಯಿರಿ, ಎರಡೂ ಕಾಯಿಲ್ ಅಳೆಯಿರಿ, ಆಮೇಲೆ ದುಡ್ಡು ಕೊಡಿ. ಬಸ್ಸು ಹೊರಟಿತೆಂದರೆ ಹೊರಡಲಿ ಬಿಡಿ. ಸ್ಟೇಟ್‌ಬ್ಯಾಂಕಿನಿಂದ ಉಡುಪಿಗೆ ಬಸ್ಸಿಗೇನು ಬರವೇ? ಅಷ್ಟೂ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ.