ಮೂರು ವರ್ಷ ರಸಮಂಜರಿ ವೇದಿಕೆಯಲ್ಲಿ: ಫಿಲ್ಟರ್ ಇರುವ ಇಯರ್‌ಪ್ಲಗ್ ಬಳಸಿದ ಅನುಭವ

ತುಮಕೂರಿನ ಒಂದು ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬದಿಂದ ಹಿಡಿದು ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ ಗುಬ್ಬಿ, ಶಿರಾ, ಮಧುಗಿರಿ, ಕುಣಿಗಲ್ ಅಂತ ಸುತ್ತಾಟ. ವೇದಿಕೆಗಳು ಚಿಕ್ಕವು. ಡ್ರಮ್ಸ್, ಎರಡು ಕೀಬೋರ್ಡ್, ರಿದಂ ಪ್ಯಾಡ್, ನನ್ನ ಆಂಪ್ (ಗಿಟಾರಿನ ಸದ್ದು ಹೊರಡುವ ಸ್ಪೀಕರ್ ಪೆಟ್ಟಿಗೆ) ಎಲ್ಲ ಒತ್ತೊತ್ತಾಗಿ ಇರುತ್ತವೆ. ಡ್ರಮ್ಸ್‌ನ ಕ್ರ್ಯಾಶ್ ಸಿಂಬಲ್, ಅಂದರೆ ಝಣ್ ಅನ್ನುವ ಲೋಹದ ತಟ್ಟೆ, ನನ್ನ ಎಡಗಿವಿಗೆ ಮೂರೇ ಅಡಿ.

ಮೂರು ವರ್ಷದ ಹಿಂದೆ ಒಂದು ರಾತ್ರಿ ಶಿರಾದಿಂದ ಬಂದು ಮಲಗಿದೆ. ಕರೆಂಟ್ ಹೋಗಿ ಫ್ಯಾನ್ ನಿಂತಿತು. ಎಡಗಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಸದ್ದು. ಮುಂಚೆಯೂ ಹೀಗಾಗುತ್ತಿತ್ತು, ಬೆಳಗ್ಗೆ ಹೊತ್ತಿಗೆ ಹೋಗುತ್ತಿತ್ತು. ಆ ಸಲ ವಾರ ಕಳೆದರೂ ಹೋಗಲಿಲ್ಲ. ಶ್ರವಣ ಪರೀಕ್ಷೆ ಮಾಡಿಸಿದೆ. ಯಾವ ಸ್ವರ ಎಷ್ಟು ಕೇಳುತ್ತದೆ ಅಂತ ತೋರಿಸುವ ಆಡಿಯೋಗ್ರಾಂ ಗೆರೆ, ಎತ್ತರದ ಸ್ವರಗಳಿರುವ 4,000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಇಳಿದು ಮತ್ತೆ ಮೇಲೆ ಬಂದಿತ್ತು. ಜೋರು ಸದ್ದಿನಿಂದ ಕಿವಿ ಕೆಟ್ಟರೆ ಸಾಮಾನ್ಯವಾಗಿ ಹೀಗೇ ಕಾಣುತ್ತದೆ. ಸದ್ದನ್ನು ಹಿಡಿಯುವ ಒಳಗಿವಿಯ ರೋಮಕೋಶ ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆ ಕಾಗದ ನೋಡಿ ನಿಜಕ್ಕೂ ಹೆದರಿದೆ.

ಮೊದಲು ಮೆಡಿಕಲ್ ಸ್ಟೋರಿನ ಸ್ಪಂಜಿನ ಪ್ಲಗ್ ಹಾಕಿದೆ. ಸದ್ದೇನೋ ಚೆನ್ನಾಗಿ ತಗ್ಗಿತು. ಆದರೆ ಸ್ಪಂಜು ಟ್ರೆಬಲ್ ಅನ್ನೇ, ಅಂದರೆ ಎತ್ತರದ ಚೂಪು ಸ್ವರಗಳನ್ನೇ, ಜಾಸ್ತಿ ನುಂಗುತ್ತದೆ. ಪಿಕ್ ತಂತಿಗೆ ತಾಗುವ ಸದ್ದು ಕೇಳದೆ ನಾನು ಆಂಪಿನಲ್ಲಿ ಟ್ರೆಬಲ್ ಏರಿಸಿದೆ. "ಅಣ್ಣ, ಗಿಟಾರ್ ಕಿವಿಗೆ ಚುಚ್ತಾ ಇದೆ" ಅಂತ ಮಿಕ್ಸರ್ ಹುಡುಗ ಓಡಿ ಬಂದ. ಎರಡೇ ಹಾಡಿಗೆ ಪ್ಲಗ್ ತೆಗೆದು ಜೇಬಿಗೆ ಹಾಕಿಕೊಂಡೆ.

ಆಮೇಲೆ ತರಿಸಿದ್ದು ಈ ಫಿಲ್ಟರ್ ಇರುವ ಪ್ಲಗ್. ಸಣ್ಣ ಫಿಲ್ಟರ್, ಅದರ ಸುತ್ತ ಒಂದರ ಹಿಂದೊಂದು ಮೂರು ಪುಟ್ಟ ಛತ್ರಿಯಂಥ ಸಿಲಿಕಾನ್ ತುದಿ. ಬೆಲೆ ಎರಡು ಸಾವಿರದೊಳಗೆ. ಹೆಚ್ಚು ಕಡಿಮೆ ಎಲ್ಲ ಸ್ವರವನ್ನೂ ಒಂದೇ ಹದದಲ್ಲಿ ತಗ್ಗಿಸುತ್ತದೆ. ಹಾಡು ಹಾಡಿನಂತೆಯೇ ಕೇಳುತ್ತದೆ, ದೂರದಿಂದ ಕೇಳಿದ ಹಾಗೆ.

ಎಷ್ಟು ಜೋರು ಸದ್ದಿನಲ್ಲಿ ಕಿವಿ ಕೆಡದೆ ಎಷ್ಟು ಹೊತ್ತು ಇರಬಹುದು ಅನ್ನುವ ಲೆಕ್ಕ ಸುಲಭ. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದಾಗ ಉಳಿಯುವುದು 15 ನಿಮಿಷ. ನಮ್ಮ ವೇದಿಕೆಯಲ್ಲಿ ಮೊಬೈಲ್ ಆ್ಯಪ್ 100 ದಾಟಿ ತೋರಿಸುತ್ತದೆ, ಕಾರ್ಯಕ್ರಮ ಮೂರು ಗಂಟೆ. ಪ್ಲಗ್ 15 ಡೆಸಿಬೆಲ್ ತಗ್ಗಿಸಿದರೂ ಅಷ್ಟು ಹೊತ್ತು ನಿಲ್ಲಬಹುದು. ಆದರೆ ಪ್ಯಾಕೆಟ್ ಮೇಲಿನ ಅಂಕಿ ಲ್ಯಾಬಿನದು. ಸರಿಯಾಗಿ ಕೂರದಿದ್ದರೆ ಅಷ್ಟು ತಗ್ಗಲ್ಲ.

ಕೂರಿಸುವುದೇ ಮುಖ್ಯ ಕೆಲಸ. ಎಡಗಿವಿಗೆ ಹಾಕುವಾಗ ಬಲಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ದಾರಿ ನೇರವಾಗುತ್ತದೆ. ಒದ್ದೆ ಬೆರಳಿನಿಂದ ತುದಿ ಸವರಿ ಮೆಲ್ಲಗೆ ತಿರುಗಿಸುತ್ತ ಒಳಗೆ ತಳ್ಳಿ. ಗಾಳಿ ಮುಚ್ಚಿಕೊಂಡದ್ದು ತಕ್ಷಣ ಗೊತ್ತಾಗುತ್ತದೆ. ನನಗೆ ಬಲಕ್ಕೆ ದೊಡ್ಡ ತುದಿ, ಎಡಕ್ಕೆ ಚಿಕ್ಕದು. ಇದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಮೊದಲ ಸಲವೇ ವೇದಿಕೆಗೆ ಹಾಕಿಕೊಂಡು ಹೋಗಬೇಡಿ, ಪ್ರಾಕ್ಟೀಸ್‌ನಲ್ಲಿ ಅಭ್ಯಾಸ ಮಾಡಿಕೊಳ್ಳಿ.

ತೊಂದರೆಗಳೂ ಇವೆ. ಕೋರಸ್ ಹಾಡುವಾಗ ನನ್ನ ದನಿ ತಲೆಯೊಳಗೆ ಗುಂಯ್ ಅನ್ನುತ್ತದೆ, ಶ್ರುತಿ ಹಿಡಿಯುವುದು ಕಷ್ಟ. ಹಾಡುವವರಿಗೆ ಈ ಪ್ಲಗ್ ಕೊಳ್ಳಿ ಅಂತ ನಾನು ಹೇಳಲ್ಲ. ಕಿವಿಯ ಅಚ್ಚು ತೆಗೆದು, ಆಳಕ್ಕೆ ಕೂರುವ ಹಾಗೆ ಮಾಡಿಕೊಡುವ ಪ್ಲಗ್ ಅವರಿಗೆ ವಾಸಿ, ಬೆಲೆ ಮಾತ್ರ ಹಲವು ಪಟ್ಟು. ಜೊತೆಗೆ ಬಂದ ದಾರ ಅಂಗಿಗೆ ಉಜ್ಜಿದರೆ ಕಿವಿಯಲ್ಲಿ ಸದ್ದು, ಅದನ್ನು ಬಿಚ್ಚಿಟ್ಟಿದ್ದೇನೆ. ಬೆವರಿಗೆ ಸಿಲಿಕಾನ್ ವರ್ಷದಲ್ಲಿ ಗಟ್ಟಿಯಾಗುತ್ತದೆ. ತುದಿ ಬೇರೆಯಾಗಿ ಸಿಗುವ ಮಾದರಿಯನ್ನೇ ಕೊಳ್ಳಿ. ತೊಳೆಯುವಾಗ ಫಿಲ್ಟರ್ ತೆಗೆದಿಡಿ, ಅದಕ್ಕೆ ನೀರು ತಾಗಬಾರದು.

ಇನ್ನೊಂದು ಬದಲಾವಣೆಗೆ ಖರ್ಚೇ ಇಲ್ಲ. ನನ್ನ ಆಂಪ್ ಮುಂಚೆ ನೆಲದ ಮೇಲಿತ್ತು. ಸ್ಪೀಕರಿನ ಟ್ರೆಬಲ್ ಟಾರ್ಚ್ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತದೆ. ಅದು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು, ಕೇಳಿಸಲ್ಲ ಅಂತ ನಾನು ವಾಲ್ಯೂಮ್ ಏರಿಸುತ್ತಿದ್ದೆ. ಈಗ ಹಾಲಿನ ಕ್ರೇಟ್ ಮೇಲಿಟ್ಟು ಮುಖ ಸ್ವಲ್ಪ ಮೇಲಕ್ಕೆ ವಾಲಿಸುತ್ತೇನೆ. ಆರರಲ್ಲಿದ್ದ ವಾಲ್ಯೂಮ್ ಮೂರೂವರೆಗೆ ಇಳಿದಿದೆ. ಡ್ರಮ್ಸ್‌ನವನೂ ಈಗ ಕೈ ತಗ್ಗಿಸಿ ಬಾರಿಸುತ್ತಾನೆ.

ಪ್ರತಿ ವರ್ಷ ಕಿವಿ ಪರೀಕ್ಷೆ ಮಾಡಿಸುತ್ತಿದ್ದೇನೆ. ಜೀರುಂಡೆ ಹೋಗಿಲ್ಲ, ಕರೆಂಟ್ ಹೋದ ರಾತ್ರಿ ಈಗಲೂ ಕೇಳುತ್ತದೆ. ಗೆರೆಯ ಹಳ್ಳ ಮಾತ್ರ ಮೂರು ವರ್ಷದಿಂದ ಇದ್ದಷ್ಟೇ ಇದೆ.